ತುಟಿಗೆ ತುಟಿ ಹತ್ತದ ಕೂಗು

ನಾ ರಿಟೈರ್ ಆದಾಗ ನನಗ ಹದಿನಾಲ್ಕು ವರ್ಷ. ಮೀಸಿ ಅನ್ನೋದು ಇನ್ನೂ ಮೀಸಿ ಆಗಿರಲಿಲ್ಲ, ಮೂಗಿನ ಕೆಳಗ ಯಾರೋ ಪೆನ್ಸಿಲ್‌ಲೆ ಗೀಚಿ ಆಮ್ಯಾಲ ಅಳಿಸಿದಂಗ ಇತ್ತು. ನಮ್ಮಪ್ಪ ಇನ್ನೂ ದಿನಾ ಮುಂಜಾನೆ ಡಬ್ಬಿ ಹಿಡಕೊಂಡು ನಾಂಪಲ್ಲಿ ಆಫೀಸಿಗೆ ಹೊಂಡತಾನ. ನಾ ಹಾಸಿಗ್ಯಾಗ ಹೊಳ್ಳಾಡಕೋತ ಹೇಳತೀನಿ, "ದುಡಿ, ದುಡಿ. ರಿಟೈರ್ ಆದ ಮ್ಯಾಲ ಭಾಳ ಆರಾಮ ಐತಿ." ಅವ ಬಗ್ಗಿ ಚಪ್ಪಲಿ ಹುಡುಕತಾನ. ಕಾಲಿಗೆ ಹಾಕ್ಕೊಳ್ಳಾಕ ಅಲ್ಲ.

ನನ್ನ ಕೆಲಸ ಹೀರೋ ಆಗೋದು. ಪೂರಾ ಹೀರೋ ಅಲ್ಲ, ಸಣ್ಣಾಂವ ಇದ್ದಾಗಿನ ಹೀರೋ. ಅದೂ ಮಾರಿ ತೋರಿಸಿ ಅಲ್ಲ, ದನಿ ಅಷ್ಟ. ಹೈದರಾಬಾದಿನಾಗ ತಯಾರಾಗೋ ಹೊಡದಾಟದ ಸಿನಿಮಾ ಈಗ ತೆಲುಗಿನಾಗಷ್ಟ ಇರಂಗಿಲ್ಲ, ಕನ್ನಡಕ್ಕೂ ಡಬ್ ಆಗತಾವ. ಕೃಷ್ಣಾನಗರದ ಒಂದು ಗಲ್ಲ್ಯಾಗ, ಕೆಳಗ ಇರಾನಿ ಚಾ ಅಂಗಡಿ ಮ್ಯಾಲ ಸ್ಟುಡಿಯೋ, ಅಲ್ಲಿ ಗಾಜಿನ ಖೋಲಿಯಾಗ ನಿಂತು ಪರದೆ ಮ್ಯಾಲಿನ ಹುಡುಗನ ಬಾಯಿಗೆ ನನ್ನ ಕನ್ನಡ ತುಂಬತಿದ್ದೆ. ಈ ಲೈನಿಗೆ ಹೊಸದಾಗಿ ಬರೋ ತಮ್ಮಂದಿರು ತಂಗ್ಯಾರು ಒಬ್ಬಿಬ್ಬರು ಕೇಳಾಕತ್ತಾರ, ಅದಕ್ಕ ಬರಿಯಾಕತ್ತೀನಿ. ಬಡ್ತಿ ಪಡ್ತಿ ವಿಷಯ ಬಿಡ್ರಿ. "ಪಕ್ಕದಮನಿ ಹುಡುಗ"ನಿಂದ "ಹೀರೋನ ಬಾಲ್ಯ"ಕ್ಕ ಏರಿದೆ, ಅದರ ಮ್ಯಾಲ ಏರಾಕ ಮೆಟ್ಟಲಾ ಇಲ್ಲ.

ನನ್ನ ಈ ಲೈನಿಗೆ ತಂದವರು ಗುಂಡೂ ಕಾಕಾ. ಹೆಸರಿಗಷ್ಟ ಗುಂಡು, ಫ್ಯಾನ್ ಜೋರ್ ಹಚ್ಚಿದ್ರ ಗ್ವಾಡಿ ಹಿಡಕೋತಾರ. ಡಿಫೆನ್ಸ್ ಫ್ಯಾಕ್ಟರ್ಯಾಗ ದುಡದು ಬಿಟ್ಟವರು, ಮೂಲ ಧಾರವಾಡ ಕಡೆಯವರು. ಆದ್ರ ದನಿ! ಆ ಬರಿ ಎಲುಬಿನ ಎದಿಯಿಂದ ಹೆಂಗ ಬರತೈತೋ ದೇವರಿಗೇ ಗೊತ್ತು. ಅವರು ತರಕಾರಿ ಅಂಗಡ್ಯಾಗ "ಬದನಿಕಾಯಿ ಹೆಂಗ?" ಅಂದ್ರ ಅಂಗಡ್ಯಾಂವ ಕೈ ಎತ್ತಿ ಶರಣಾಗತಾನ. ಹಿಂಗಾಗಿ ಕನ್ನಡಕ್ಕ ಡಬ್ ಆದ ಎಲ್ಲಾ ವಿಲನ್‌ಗೂ ಅವರದ ದನಿ. ಒಂದು ಸಲ ನಮ್ಮ ಮನಿಗೆ ಅರಿಶಿಣ ಕುಂಕುಮಕ್ಕ ತಮ್ಮ ಹೆಂಡತಿ ಕಾಕೂನ್ನ ಬಿಡಾಕ ಬಂದಿದ್ರು. ನಾ ಒಳಗಿಂದ ಅಜ್ಜಿಗೆ ಚೀರಿ ನೀರು ಕೇಳಿದೆ. ನಮ್ಮ ಮನಿ ಸುಲ್ತಾನ್ ಬಜಾರ್ ಹಿಂದಿನ ಗಲ್ಲ್ಯಾಗ. ಕೆಳಗ ಸೀರಿ ಮಾರವರು, ಬಳಿ ಮಾರವರು, ಚಾದರ ಮಾರವರು ಒಬ್ಬರ ಮ್ಯಾಲ ಒಬ್ಬರು ಒದರತಿರತಾರ. ಅಲ್ಲಿ ಉಪ್ಪು ಬೇಕಂದ್ರೂ ಪ್ರಾಣ ಹೋದವರಂಗ ಚೀರಬೇಕು.

ಕಾಕಾ ಕುಂತಲ್ಲಿಂದ ಎದ್ದು ನಿಂತ್ರು. "ಯಾರ್ರೀ ಇಂವ? ಈ ಹುಡುಗನ ಅಪ್ಪನ್ನ ನಾ ಕೊಲ್ಲಬೇಕು!"

ಅಜ್ಜಿ ಕುಂಕುಮದ ಭರಣಿ ಕೈ ಬಿಟ್ಟಳು. ಆಮ್ಯಾಲ ಬಿಡಿಸಿ ಹೇಳಿದ್ರು, ಸಿನಿಮಾದಾಗ ಅಂತ.

ಈಗ ಈ ಹೊಡದಾಟದ ಸಿನಿಮಾದ ಕಾಯ್ದೆ ಕೇಳ್ರಿ. ಹೀರೋ ಸಣ್ಣಾಂವ ಇದ್ದಾಗ ಅವನ ಅಪ್ಪ ಸಾಯಬೇಕು. ಸಾಯದಿದ್ರ ಹುಡುಗ ಮುಂದ ಎಂಜಿನಿಯರಿಂಗ್ ಓದಿ ಮಾದಾಪುರದಾಗ ಐಟಿ ಕಂಪನಿ ಕ್ಯಾಬ್ ಕಾಯಕೋತ ನಿಂದರತಾನ, ಯಾರು ನೋಡತಾರ ಅದನ್ನ? ಅಪ್ಪ ಒಳ್ಳೆಯವ ಇರಬೇಕು, ಬಿಳಿ ಅಂಗಿ ತೊಟ್ಟಿರಬೇಕು, ರಕ್ತ ಚಂದ ಕಾಣಬೇಕಲ್ಲ. ಸಾಯೂ ಮುಂಚೆ ಮಗಗ ಒಂದು ಮಾತು ಹೇಳಿರಬೇಕು. ಹುಡುಗ ಓಡಬೇಕು. ಓಡೂ ಕಾಲು ತೋರಿಸಬೇಕು. ಸಣ್ಣ ಕಾಲು ಕೆಸರಿನಾಗ ಬೀಳತೈತಿ, ಏಳೋದರೊಳಗ ದೊಡ್ಡ ಬೂಟು ಆಗಿರತೈತಿ, ಥೇಟರ್‌ನಾಗ ಶಿಳ್ಳೆ! ಅಲ್ಲಿಗೆ ನನ್ನ ಡ್ಯೂಟಿ ಮುಗೀತು. ಬೂಟಿನ ಮ್ಯಾಲ ಯಾರು ಬಂದ್ರೋ ಅವರ ಪಗಾರ ಬ್ಯಾರೆ.

ನಮ್ಮಪ್ಪಗ ಈ ಸಿನಿಮಾ ಅಂದ್ರ ಅಷ್ಟಕ್ಕಷ್ಟ. ನನ್ನ ಕರಕೊಂಡು ಬರತಿದ್ದ, ಸ್ಟುಡಿಯೋ ಹೊರಗಿನ ಸೋಫಾದ ಮ್ಯಾಲ ಪೇಪರ್ ಓದಕೋತ ಕೂಡತಿದ್ದ, ಒಳಗ ಕಾಲಿಡತಿರಲಿಲ್ಲ. ದಾರಿಯಾಗ ಮೆಟ್ರೋದಾಗ ನಿಂತು ನನಗ ಪ್ರಶ್ನೆ.

"ಒಬ್ಬ ಹೊಡೀತಾನ, ಉಳದವರು ಸುತ್ತ ನಿಂತು ಪಾಳಿ ಕಾಯತಾರ. ಒಮ್ಮೆಲೆ ಯಾಕ ಬೀಳಂಗಿಲ್ಲೋ ಅವನ ಮ್ಯಾಲ?"

"ಶಿಸ್ತು."

"ಇಂಥಾ ಶಿಸ್ತಿನ ಪಾಳಿ ನಮ್ಮ ಆಫೀಸಿನ ಕೌಂಟರ್ ಮುಂದ ಒಂದಿನಾ ನೋಡ್ಲಿಲ್ಲಪಾ ನಾ. ಆ ಗೂಂಡಾಗಳನ್ನ ನಮ್ಮ ಕಡೆ ಕಳಸು." ಆಮ್ಯಾಲ ಅವನ ದೊಡ್ಡ ಪ್ರಶ್ನೆ ಬರತಿತ್ತು, ಪ್ರತಿ ಸಿನಿಮಾಕ್ಕೂ ಅದ. "ಅಲ್ಲೋ, ಅಪ್ಪನ್ನ ಕೊಂದ, ಮನಿಗೆ ಬೆಂಕಿ ಹಚ್ಚಿದ, ಅಷ್ಟೆಲ್ಲಾ ಮಾಡಿದಾಂವ ಆ ಪೋರನ್ನ ಯಾಕ ಬಿಟ್ಟು ಹೋಗತಾನ? ದೊಡ್ಡಾಂವ ಆಗಿ ಬಂದು ನನ್ನ ಹೊಡಿ ಅಂತನಾ?"

ಇದಕ್ಕ ಉತ್ತರ ಸಿನಿಮಾದವರ ಹಂತ್ಯಾಕೂ ಇರಲಿಲ್ಲ. ಈ ಪ್ರಶ್ನೆ ಮನಸ್ಸಿನಾಗ ಇಟ್ಟಿರ್ರಿ.

ಒಳಗ ನನ್ನ ಮ್ಯಾಲ ಇದ್ದವರು ಇಬ್ಬರು. ಒಬ್ಬರು ಹೇಮಾ ಮೇಡಂ, ತೆಲುಗಿನ ಮಾತು ಕನ್ನಡಕ್ಕ ಬರದು ನಮ್ಮ ಬಾಯಿಲೆ ಹೇಳಿಸೂ ಡೈರೆಕ್ಟರ್. ಬೆಂಗಳೂರಿನವರು. ಇನ್ನೊಬ್ಬರು ಖಾದರ್ ಭಾಯ್, ರೆಕಾರ್ಡಿಂಗ್ ಮಾಡವರು, ಪುರಾನಾ ಶಹರದವರು. ಅವರು ಸಿಟ್ಟಿಗೆದ್ದಿದ್ದು ನಾ ನೋಡೇ ಇಲ್ಲ. ನಾ ಡೈಲಾಗ್ ಎಷ್ಟು ಕೆಟ್ಟಗ ಹೇಳಿದ್ರೂ ಗಾಜಿನ ಆಚೆಯಿಂದ, "ಬಹುತ್ ಅಚ್ಛಾ ಮಿಯಾ. ಔರ್ ಏಕ್ ಬಾರ್," ಅಂದ್ರ ಇನ್ನೊಮ್ಮೆ, ಅನ್ನತಿದ್ರು. ಆ "ಬಹುತ್ ಅಚ್ಛಾ"ದಾಗ ಎಷ್ಟು ಜಾತಿ ಬೈಗುಳ ಅದಾವ ಅಂತ ತಿಳಿಯಾಕ ನನಗ ಎರಡು ಸಿನಿಮಾ ಬೇಕಾದವು.

ನನ್ನ ಮೊದಲನೇ ಮಾತು, ವಿಲನ್ "ಕೈಯಾಗ ಏನದು?" ಅಂತ ಕೇಳತಾನ, ನಾ "ಕಲ್ಲು" ಅನ್ನಬೇಕು. ನಾ ಜೋರಾಗಿ, "ಕಲ್ಲ ಐತಿ!"

ಮೇಡಂ ಮೈಕಿನಾಗ ಅಂದ್ರು, "ಪ್ರಾಣೇಶ, 'ಕಲ್ಲು ಇದೆ' ಅನ್ನಪ್ಪ."

"ಕಲ್ಲು ಇದೆ ಐತಿ!"

"ಬಹುತ್ ಅಚ್ಛಾ ಮಿಯಾ."

ಕಾಕಾ ಪಕ್ಕದಾಗ ನಿಂತು ನಗಾಕತ್ತಿದ್ರು. "ಮೇಡಂ, ನಮಗಷ್ಟ 'ಐತಿ' ಅನ್ನಾಕ ಬಿಡತೀರಿ, ಹುಡುಗಗ ಬ್ಯಾಡ ಅಂತೀರಿ, ಯಾಕ್ರಿ?"

"ನೀವು ವಿಲನ್ ಅಲ್ವಾ ಸರ್," ಅಂದ್ರು ಮೇಡಂ, ಪಾಪ ಮನಸ್ಸಿನಾಗ ಏನೂ ಇಲ್ಲದ.

"ಕೇಳಿದಿ ಏನೋ ಪಾಣ್ಯಾ?" ಅಂದ್ರು ಕಾಕಾ ನನಗ. "ಒಳ್ಳೆಯವ ಆದ್ರ ಬೆಂಗಳೂರು ಕನ್ನಡ, ಕೊಡಲಿ ಹಿಡದ್ರ ನಮ್ಮ ಕನ್ನಡ. ನಾ ಇಪ್ಪತ್ತು ಊರು ಸುಟ್ಟೀನಿ, ಒಂದೂ ಊರು ಬೆಂಗಳೂರು ಭಾಷಾದಾಗ ಸುಡಾಕ ಬಿಟ್ಟಿಲ್ಲ ನೋಡು."

ಆದ್ರ ಇಲ್ಲಿ ಖರೇ ಮಾಲಕ ಅಂದ್ರ ಮೇಡಮ್ಮೂ ಅಲ್ಲ, ಖಾದರ್ ಭಾಯೂ ಅಲ್ಲ. ತುಟಿ. ಪರದೆ ಮ್ಯಾಲಿನ ಹುಡುಗನ ತುಟಿ ಹೆಂಗ ಆಡತಾವೋ ನಮ್ಮ ಮಾತು ಹಂಗ ಆಡಬೇಕು. ಅರ್ಥ ಆಮ್ಯಾಲ. "ಪ", "ಬ", "ಮ" ಅಂದ್ರ ತುಟಿಗೆ ತುಟಿ ಹತ್ತತೈತಿ. ಅವನ ತುಟಿ ತೆರದಾಗ ನಮ್ಮ ಮಾತಿನಾಗ "ಪ" ಬಂತಂದ್ರ ದನಿ ಒಬ್ಬರದು ಬಾಯಿ ಒಬ್ಬರದು ಅಂತ ಸಣ್ಣ ಹುಡುಗರಿಗೂ ಗೊತ್ತಾಗತೈತಿ. ಒಂದು ಸಿನಿಮಾದಾಗ ತೆಲುಗು ಹುಡುಗ ಎಲ್ಲಾದಕ್ಕೂ "ಉಂದಿ, ಉಂದಿ" ಅಂತಾನ, ತುಟಿ ಗುಂಡಗ ಮಾಡಿ. "ಇದೆ" ಕೂಡಲಿಲ್ಲ, "ಐತಿ" ಕೂಡಲಿಲ್ಲ. ಕಡೀಕ ಮೇಡಂ "ಉಂಟು" ಅಂತ ಬರದ್ರು. ಕೂತಿತು ನೋಡ್ರಿ, ಕಡಬಿನ ಮ್ಯಾಲ ತುಪ್ಪ ಕೂತಂಗ! ಆದ್ರ ಹೀರೋ ದೊಡ್ಡಾಂವ ಆದ ಮ್ಯಾಲ ಅಪ್ಪಟ ಮಂಡ್ಯ ಮಾತು. ಕೆಸರಿನಾಗ ಬಿದ್ದಾಗ ಮಂಗಳೂರಿನ ಹುಡುಗ, ಎದ್ದಾಗ ಮಂಡ್ಯದ ಗಂಡು. ಯಾರೂ ಕೇಳಲಿಲ್ಲ. ಆ ಹೊತ್ತಿಗೆ ಹಿಂದ ಒಂದು ಪೆಟ್ರೋಲ್ ಟ್ಯಾಂಕರ್ ಸಿಡದಿತ್ತು. ಟ್ಯಾಂಕರ್ ಸಿಡದಾಗ ವ್ಯಾಕರಣ ಯಾರೂ ನೋಡಂಗಿಲ್ಲ.

ಹೊಡದಾಟದ ದಿನಾ ಇನ್ನೂ ಮಜಾ. ಗೂಂಡಾಗಳು ಬಡಸಕೊಳ್ಳೂ ಸದ್ದು ಬೇಕು. ಹೀರೋ ಒಬ್ಬನ ಹೊಟ್ಟಿಗೆ ಗುದ್ದಿದ್ರ "ಉಫ್", ಬೆನ್ನಿಗೆ ಬಿದ್ರ "ಆಆ", ಕಟ್ಟಡದ ಮ್ಯಾಲಿಂದ ಒಗದ್ರ "ಆಆಆ" ಉದ್ದಕ್ಕ ಎಳದು ಕಡೀಕ ನಿಲ್ಲಿಸಬೇಕು. ನಿಲ್ಲಿಸೋದು ಮರತ್ರ ಅವ ನೆಲಕ್ಕ ಬಿದ್ದ ಮ್ಯಾಲೂ ಬೀಳಾಕತ್ತಾನ ಅಂತ ಆಗತೈತಿ. ಗುಂಡೂ ಕಾಕಾ ಒಂದ ಮಧ್ಯಾಹ್ನದಾಗ ಒಂದು ಗೋಡೌನ್ ತುಂಬ ಇದ್ದ ಗೂಂಡಾಗಳೆಲ್ಲಾ ತಾವ ಆಗಿ ಸತ್ರು. ನಡುವ ಅವರಿಗೆ ಬಿಕ್ಕಳಿಕೆ ಹತ್ತಿತು. ಆ ಸಿನಿಮಾದಾಗ ಒಬ್ಬ ಗೂಂಡಾ ಕ್ರೇನಿನಿಂದ ಬಿದ್ದು ಸಾಯೂಮುಂದ ಬಿಕ್ಕತಾನ. ತೆಗೀಬ್ಯಾಡ್ರಿ ಅಂತ ಖಾದರ್ ಭಾಯ್ ಹಟ ಮಾಡಿದ್ರು. "ಅಸಲೀ ಲಗ್ತಾ ಹೈ, ಮೇಡಂ. ಬಿಚಾರಾ ಖಾನಾ ಖಾಕೆ ಆಯಾ ಥಾ." ಪಾಪ, ಉಂಡು ಬಂದಿದ್ದ ಅಂತ.

ಕಾಕಾ ಹಿಂಗ ನನ್ನ ಎಷ್ಟೋ ಅಪ್ಪಂದಿರನ್ನ ಕೊಂದ್ರು. ಕೊಂದ ಕೂಡ್ಲೆ ಕಿಸೇದಿಂದ ಉಸ್ಮಾನಿಯಾ ಬಿಸ್ಕೀಟ್ ತಗದು ಕೊಡತಿದ್ರು. "ತಗೋಪಾ, ಬ್ಯಾಸರ ಮಾಡಕೋಬ್ಯಾಡ." ಎಷ್ಟು ರೂಢಿ ಆತಂದ್ರ, ಇವತ್ತಿಗೂ ಯಾರಾದ್ರೂ ಟಿವ್ಯಾಗ ಸತ್ರ ನನಗ ಬಿಸ್ಕೀಟ್ ನೆನಪಾಗತೈತಿ.

ಈಗ ನನ್ನ ರಿಟೈರ್ಮೆಂಟಿನ ಸಿನಿಮಾಕ್ಕ ಬರೂಣು. ಭಾಳ ದೊಡ್ಡ ಸಿನಿಮಾ. ನನ್ನ ಭಾಗ ಎಲ್ಲಾ ಬ್ಯಾಸಗ್ಯಾಗ ಹೇಳಿ ಮುಗಿಸಿದ್ದೆ. ಮುಗದಿದ್ದ ತಡಾ, ಶಾಲೆಯೊಳಗ ಯಾರಿಗೂ ಸೊಲ್ಲು ಎತ್ತಾಕ ಬಿಡಲಿಲ್ಲ ನಾ. ಹೀರೋ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದ ಅಂದೆ. ಪಿ.ಟಿ. ಮಾಸ್ತರಗೂ ಹೇಳಿದೆ. ಅಜ್ಜಿ ನನಗಿಂತ ಒಂದು ಕೈ ಮುಂದ. ರಾಯರ ಮಠದಾಗ ಪ್ರಸಾದಕ್ಕ ಕುಂತವರಿಗೆಲ್ಲಾ, "ನಮ್ಮ ಪಾಣಿ ಹೀರೋ ಆಗ್ಯಾನ್ರಿ," ಅಂದಳು. ಪೂರಾ ಕಾಚಿಗುಡಾದ ಕನ್ನಡ ಮಂದಿಗೆ ಗೊತ್ತಾತು.

ಮಳಿಗಾಲ ಬರೂದ್ರಾಗ ನನ್ನ ಗಂಟಲಾಗ ಎಮ್ಮಿ ಹೊಕ್ಕಿತು.

ಒಂದು ಮುಂಜಾನೆ ಚಾ ಕೇಳಿದೆ. "ಚಾ" ಅನ್ನೂದು ಗುಬ್ಬಿ ಅಂತು, "ಕೊಡು" ಅನ್ನೂದು ಎಮ್ಮಿ ಅಂತು. ಅಜ್ಜಿ ಹೊಳ್ಳಿ ನೋಡಿ, "ಯಾರ ಬಂದಾರ ನೋಡ ಹೊರಗ," ಅಂದಳು. ಜೇಷ್ಠಮಧು ಅಗದೆ, ಕಲ್ಲುಸಕ್ರಿ ಚೀಪಿದೆ, ಅರಿಶಿಣದ ಹಾಲು ಕುಡದು ಕುಡದು ಬೆವರು ಸೈತ ಹಳದಿ ಬಂತು. ಏನೂ ಆಗಲಿಲ್ಲ.

ಅದ ಹೊತ್ತಿಗೆ ಮೇಡಂ ಫೋನ್. ಅಪ್ಪ ಸಾಯೂ ಸೀನು ಸಿನಿಮಾದವರಿಗೆ ಸಮಾಧಾನ ಆಗಿಲ್ಲ, ಹೊಸದಾಗಿ ಶೂಟಿಂಗ್ ಮಾಡ್ಯಾರ. ಒಂದು ಕೂಗು ಅಷ್ಟ ಬೇಕು. "ಒಂದೇ ಒಂದು ಶಬ್ದ ಪ್ರಾಣೇಶ, ಬಂದು ಹೇಳಿ ಹೋಗಿಬಿಡು."

ಹೋಗಿ ಬಾಯಿ ತೆರದೆ. ಖಾದರ್ ಭಾಯ್ ಕುರ್ಚಿಯಿಂದ ಎದ್ದು ಗಾಜಿನ ಹತ್ತರ ಬಂದು ನೋಡಿದ್ರು. ಮೊದಲನೇ ಸಲ ಅವರ ಬಾಯಾಗ "ಬಹುತ್ ಅಚ್ಛಾ" ಬರಲಿಲ್ಲ.

ಲೆಕ್ಕ ಸರಳ ಇತ್ತು. ಆ ಒಂದು ಕೂಗು ನನ್ನ ಹಳೇ ದನಿಯಾಗ ಬಂದ್ರ ಸಿನಿಮಾ ನಂದು. ಬರದಿದ್ರ ಬ್ಯಾರೆ ಹುಡುಗನ್ನ ತಂದು ಮೊದಲಿನಿಂದ ಪೂರಾ ಹೇಳಿಸಬೇಕು, ಯಾಕಂದ್ರ ಒಬ್ಬ ಹುಡುಗಗ ಎರಡು ದನಿ ನಡೆಯಂಗಿಲ್ಲ. ಆಗ ನನ್ನ ಬ್ಯಾಸಗಿ ಕೆಲಸ ಎಲ್ಲಾ ಅಳಿಸಿ ಹೋಗತೈತಿ. ಶಾಲಿ, ಪಿ.ಟಿ. ಮಾಸ್ತರು, ರಾಯರ ಮಠ! ನಾ ಹೈದರಾಬಾದ್ ಬಿಟ್ಟು ಓಡಿ ಹೋಗಬೇಕಿತ್ತು. ಕಾಲು ತೋರಿಸಿದ್ರೂ ಬೂಟು ಬರತಿರಲಿಲ್ಲ. ಮೇಡಂ ಆಗಲೇ ತಾರ್ನಾಕಾದ ಒಬ್ಬ ಹುಡುಗಗ ಫೋನ್ ಮಾಡಿದ್ರು, ಅವ ಮಧ್ಯಾಹ್ನ ಬರಾಂವ ಇದ್ದ.

ಇಷ್ಟು ಸಾಲದು ಅಂತ ತುಟಿ ಬ್ಯಾರೆ. ಪರದೆ ತುಂಬ ಹುಡುಗನ ಬಾಯಿ, ಒಳಗಿನ ಹಲ್ಲು ಎಣಿಸಬಹುದು. ತೆಲುಗಿನಾಗ "ನಾನ್ನಾ!" ಅಂತಾನ, ಅಪ್ಪನ್ನ ಕರಿಯೂದು. ಬಾಯಿ ತೆರದದ್ದು ಮುಚ್ಚಂಗಿಲ್ಲ. ಕನ್ನಡದಾಗ "ಅಪ್ಪಾ" ಅಂದ್ರ ನಡುವ ತುಟಿ ಮುಚ್ಚಬೇಕು. ಮೇಡಂ ತಲಿ ಕೆರಕೊಂಡ್ರು.

"'ತಂದೇ' ಅಂತ ಟ್ರೈ ಮಾಡೋಣ್ವಾ?"

ಕಾಕಾ ಅಂದ್ರು, "ಮೇಡಂ, ಹಂಗಂದ್ರ ನಾ ಕಿರೀಟ ಹಾಕ್ಕೊಂಡು ಬರಬೇಕಾಗತೈತ್ರಿ."

"ಡ್ಯಾಡಿ?"

"ಹುಡುಗ ಎಮ್ಮಿ ಕಾಯಾಕತ್ತಾನ್ರಿ."

"ಆಯ್ತು, 'ಅಪ್ಪಾ'ನೇ ಹೇಳಪ್ಪ. ಪ್ಪ ಅನ್ನೋದನ್ನ ಸ್ವಲ್ಪ ನುಂಗು."

ನುಂಗಿದೆ. ಗುಬ್ಬಿ "ಅ" ಅಂತು, ಎಮ್ಮಿ "ಪ್ಪಾ" ಅಂತು. ಮತ್ತೊಮ್ಮೆ. ಮಗದೊಮ್ಮೆ. ಪರದೆ ಮ್ಯಾಲೆ ಅದ ಅಪ್ಪಗ ಅದ ಕೊಡಲಿ ಬೀಳತೈತಿ, ಹಿಂದ ಸರೀತೈತಿ, ಮತ್ತ ಬೀಳತೈತಿ. ಪಾಪ ಆ ಮನಶ್ಯಾ ನನ್ನ ಸಲುವಾಗಿ ಅಂದು ಸತ್ತಷ್ಟು ಸಲ ಯಾವ ಅಪ್ಪನೂ ಸತ್ತಿಲ್ಲ. ನನಗ ಕಣ್ಣಾಗ ನೀರು ಬಂದವು. ನಗಬ್ಯಾಡ್ರಿ, ಧೂಳು ಇತ್ತು. ಏಸಿ ಖೋಲಿಯಾಗ ಭಾಳ ಧೂಳು ಇರತೈತಿ.

ಮೇಡಂ ನೋಡಿದ್ರು. ಒಳ್ಳೆ ಹೆಣ್ಮಗಳು. ಹೊರಗ ಹೋಗಿ ನಮ್ಮಪ್ಪಗ ಅಂದ್ರು, "ಸರ್, ಒಂದ್ನಿಮಿಷ ಒಳಗೆ ಬನ್ನಿ. ಹುಡುಗ ತುಂಬಾ ಟೆನ್ಶನ್ ಮಾಡ್ಕೊಂಡಿದಾನೆ. ಸ್ವಲ್ಪ ಧೈರ್ಯ ಹೇಳಿ."

ಇಷ್ಟು ವರ್ಷದಾಗ ನಮ್ಮಪ್ಪ ಮೊದಲನೇ ಸಲ ಒಳಗ ಬಂದ. ಹೊರಗ ಬೆಳಕು, ಒಳಗ ಕತ್ತಲಿ. ಬೂಟು ಹೊರಗ ಬಿಡಬೇಕು, ಕಾಲಾಗ ನುಣುಪಾದ ಕಾಲುಚೀಲ. ಕೈಯಾಗ ನನಗಂತ ಬಿಸಿನೀರಿನ ಥರ್ಮಾಸ್. ನೆಲದ ಮ್ಯಾಲ ವಾಯರು. ಸಿನಿಮಾದಾಗಾದ್ರ ಇಷ್ಟು ತೋರಿಸಿದ ಮ್ಯಾಲ ಸಂಗೀತ ಶುರು ಆಗತಿತ್ತು. ಅವ ಕತ್ತಲ್ಯಾಗ ಕಣ್ಣು ಕಿರಿದು ಮಾಡಿ, "ಪಾಣಿ, ಎಲ್ಲಿದ್ದಿಯೋ—" ಅಂದ. ವಾಯರಿಗೆ ಕಾಲು ಸಿಕ್ಕಿತು. ನಮ್ಮಪ್ಪ ಗಾಳಿಯಾಗ ಹೋದ. ಯಾವ ಹೀರೋನೂ ಹಗ್ಗ ಇಲ್ಲದ ಹಂಗ ಹಾರಿಲ್ಲ, ಆಣಿ ಮಾಡಿ ಹೇಳತೀನಿ. ಥರ್ಮಾಸ್ ಒಂದು ಕಡೆ, ಕನ್ನಡಕ ಒಂದು ಕಡೆ, ಕಬ್ಬಿಣದ ಸ್ಟ್ಯಾಂಡ್ ಅವನ ಮ್ಯಾಲ. ಧೊಪ್ ಅಂತ ಸದ್ದು ಬಂತು, ಆಮ್ಯಾಲ ಏನೂ ಸದ್ದಿಲ್ಲ.

ನಾ ಚೀರಿದೆ, "ಅಣ್ಣಾ!"

ಕೆಳಗಿಂದ ದನಿ ಬಂತು. "ಇಲ್ಲೇ ಇದ್ದೀನೋ! ಏನೂ ಆಗಿಲ್ಲ!"

ಎಲ್ಲಾರೂ ಓಡಿ ಬಂದು ಎಬ್ಬಿಸಿದ್ರು. ಮಳಕಾಲು ತರಚಿತ್ತು ಅಷ್ಟ. ಖಾದರ್ ಭಾಯ್ ಒಬ್ಬರು ಮಾತ್ರ ಕುಂತಲ್ಲಿಂದ ಏಳಲಿಲ್ಲ. ನನಗ ಸಿಟ್ಟು ಬಂತು, ಮನಶ್ಯಾ ಬಿದ್ದಾನ, ಎದ್ದು ಬರಬಾರದಾ ಅಂತ. ಅವರು ಗಾಜಿನ ಆಚೆಯಿಂದ ಕೈ ಸನ್ನಿ ಮಾಡಿ, "ಏ ಮಿಯಾ, ಇಧರ್ ದೇಖೋ," ಅಂದ್ರು.

ರೆಕಾರ್ಡಿಂಗ್ ನಡದ ಇತ್ತು. ಖಾದರ್ ಭಾಯ್ ನಮ್ಮಪ್ಪನ "ಇಲ್ಲೇ ಇದ್ದೀನೋ" ಕತ್ತರಿಸಿ ಒಗದು, ನನ್ನ ಕೂಗು ಎತ್ತಿ ಪರದೆ ಮ್ಯಾಲಿನ ಹುಡುಗನ ಬಾಯಾಗ ಇಟ್ಟಿದ್ರು. ಕೊಡಲಿ ಬಿತ್ತು. ಹುಡುಗ ಬಾಯಿ ತೆರದ. "ಅಣ್ಣಾ!" ತುಟಿಗೆ ತುಟಿ ಹತ್ತಲಿಲ್ಲ. ಎಮ್ಮಿ ಇಲ್ಲ, ಗುಬ್ಬಿ ಇಲ್ಲ. ನನ್ನ ಹಳೇ ದನಿ ಎಲ್ಲಿಂದ ಬಂತೋ! ಹೆದರಿದಾಗ ಗಂಟಲು ತನ್ನ ವಯಸ್ಸು ಮರೀತೈತಿ ಅಂತ ಕಾಣತೈತಿ.

ನಮ್ಮಪ್ಪ ಮಳಕಾಲು ಹಿಡಕೊಂಡು ಪರದೆ ನೋಡಾಕತ್ತಿದ್ದ. ಒಂದು ಡಂಡಿ ಇಲ್ಲದ ಕನ್ನಡಕ ಹಾಕ್ಕೊಂಡು, ಬಿಳಿ ಅಂಗಿ ಮನಶ್ಯಾ ಬೀಳೂದು, ಆ ಹುಡುಗ ತನ್ನ ಮಗನ ದನಿಯಾಗ ಚೀರೂದು, ಎರಡೂ ನೋಡಿದ. "ಇನ್ನೊಮ್ಮೆ ಹಚ್ಚರಿ," ಅಂದ ಸಣ್ಣಗ.

ಮೇಡಂ ಮೊದಲು ಎಚ್ಚರಾದ್ರು. "ಅಯ್ಯೋ! ಅಣ್ಣಾ ಅಂದ್ಬಿಟ್ಟಿದಾನಲ್ಲ! ಅಣ್ಣ ಅಂದ್ರೆ ಅಣ್ಣ ಅಲ್ವಾ? ಸತ್ತಿದ್ದು ಅಪ್ಪ!"

"ಅಪ್ಪನ್ನೇ ಕರದೀನ್ರಿ ಮೇಡಂ," ಅಂದೆ ನಾ. "ಇಂವನ ಅಣ್ಣ."

ಬಿಡಿಸಿ ಹೇಳಬೇಕಾತು, ನಿಮಗೂ ಹೇಳತೀನಿ. ನಮ್ಮಪ್ಪ ಮನ್ಯಾಗ ಹಿರೇಮಗ. ಅವನ ತಮ್ಮಂದಿರು ತಂಗ್ಯಾರೆಲ್ಲಾ ಅವಗ "ಅಣ್ಣಾ" ಅಂತಿದ್ರು, ನಾ ಹುಟ್ಟಿ ಅದನ್ನ ಕೇಳಿ ಅದನ್ನ ಕಲತೆ. ನಮ್ಮವ್ವಗ ಅವರು "ವೈನಿ" ಅಂತಿದ್ರು, ಅಣ್ಣನ ಹೆಂಡತಿ ಅಂತ. ನಾನೂ "ವೈನಿ, ಹಸಿವಿ" ಅಂತೀನಿ. ನಮ್ಮ ಕಡೆ ಎಷ್ಟೋ ಮನ್ಯಾಗ ಹಿಂಗ. ಕರಿಯೂದು ಕೇಳಿದ್ರ ನಮಗ ಅಪ್ಪನೂ ಇಲ್ಲ ಅವ್ವನೂ ಇಲ್ಲ, ಅಣ್ಣ ವೈನಿ ಕೂಡಿ ಜ್ವಾಪಾನ ಮಾಡ್ಯಾರ ಅನ್ನಬೇಕು.

"ಅಮ್ಮನ್ನ ಅತ್ತಿಗೆ ಅಂತೀರಾ?" ಮೇಡಂ ಕಣ್ಣು ಇಷ್ಟಗಲ. "ಜನಕ್ಕೆ ಹೇಗಪ್ಪ ಹೇಳೋದು ಇದನ್ನ? ಥಿಯೇಟರಲ್ಲಿ ಕೇಳ್ತಾರೆ, ಸತ್ತೋನು ಅಣ್ಣ ಆದ್ರೆ ಅಪ್ಪ ಎಲ್ಲಿ ಅಂತ. ಎರಡನೇ ಅರ್ಧದಲ್ಲಿ ಹೀರೋ 'ನಮ್ಮಪ್ಪನ್ನ ಕೊಂದೆ' ಅಂತ ಅಬ್ಬರಿಸ್ತಾನೆ. ಯಾವ ಅಪ್ಪ ಅಂತಾರೆ!"

ಬಾಗಲಾ ಬಡದ ಸದ್ದು. ತಾರ್ನಾಕಾದ ಹುಡುಗ ಬಂದಿದ್ದ. ಅವನ ದನಿ, ಬೆಣ್ಣಿ. "ನಮಸ್ತೆ ಮೇಡಂ, ಲೇಟಾಯ್ತಾ?" ಅಂದ ಸ್ಪಷ್ಟ ಬೆಂಗಳೂರು ಕನ್ನಡದಾಗ.

ಆಗ ಗುಂಡೂ ಕಾಕಾ, "ಖಾದರ್ ಭಾಯ್, ಆಗೆ ಚಲಾವೋ," ಅಂದ್ರು. ಸೀನು ಮುಂದ ಹೋತು. ಅಪ್ಪ ಬಿದ್ದಾನ, ಹುಡುಗ ಚೀರ್ಯಾನ, ವಿಲನ್ ನಿಂತು ನೋಡತಾನ. ಆಮ್ಯಾಲ ಹುಡುಗನ್ನ ಏನೂ ಮಾಡದ ಹೊಳ್ಳಿ ಹೋಗತಾನ, ನಮಗ ಬೆನ್ನು. ಮಾತಿಲ್ಲ.

"ಬೆನ್ನು ಐತಿ," ಅಂದ್ರು ಕಾಕಾ.

ತಮ್ಮಂದಿರ, ಇದನ್ನ ಬರಕೊಳ್ರಿ. ಡಬ್ಬಿಂಗಿನಾಗ ಬೆನ್ನು ಅಂದ್ರ ದೇವರು. ಬೆನ್ನು ತೋರಿಸಿದವಗ ತುಟಿ ಇಲ್ಲ. ತುಟಿ ಇಲ್ಲದವನ ಬಾಯಾಗ ಏನು ಬೇಕಾದ್ದು ಇಡಬಹುದು. ಮೇಡಂ ಕೂಡ್ಲೆ ತಿಳಕೊಂಡ್ರು, ಒಂದು ಸಾಲು ಬರದು ಕೊಟ್ರು. ಕಾಕಾ ಮೈಕಿನ ಮುಂದ ನಿಂತು ಆ ಗುಡುಗಿನ ದನಿಯಾಗ ಓದಿದ್ರು. "ಅಪ್ಪಗ ಅಣ್ಣಾ ಅಂತಾನ ನೋಡ್ರೋ ಈ ಹುಡುಗ."

ಬರದಿದ್ದು ಅಷ್ಟ. ಆದ್ರ ಬೆನ್ನು ಇನ್ನೂ ನಡದಿತ್ತು, ಜಾಗಾ ಉಳದಿತ್ತು. ಕಾಕಾ ಒಂದು ಉಸಿರು ತಗೊಂಡ್ರು. ಆಮ್ಯಾಲ ದನಿ ಇಳಿಸಿ, ವಿಲನ್ ದನಿ ಅಲ್ಲ, ಬಿಸ್ಕೀಟ್ ಕೊಡೂ ದನಿಯಾಗ ಅಂದ್ರು, "ನನ್ನ ಮಗನೂ ನನಗ ಹಂಗ ಕರೀತಾನ."

ವಿಲನ್ ಕೊಡಲಿ ಕೆಳಗ ಮಾಡಿ ನಡಕೋತ ಹೋದ. ಅದ ಬೆನ್ನು, ಅದ ನಡಿಗಿ, ಮೊದಲು ಸೊಕ್ಕಿನಿಂದ ಹೊಂಟಂಗ ಕಾಣತಿತ್ತು. ಈಗ ಹುಡುಗನ ಮಾರಿ ನೋಡಲಾರದ ಹೊಂಟಾನ ಅನ್ನಿಸಿತು.

ನಮ್ಮಣ್ಣ ಕತ್ತಲ್ಯಾಗ ಅಂದ, "ಹಾಂ. ಅದಕ್ಕ ಬಿಟ್ಟು ಹೋದ." ಇಷ್ಟು ವರ್ಷ ಮೆಟ್ರೋದಾಗ ಕೇಳಿದ್ದಕ್ಕ ಉತ್ತರ ಸಿಕ್ಕಿತ್ತು.

"ಮೇಡಂ, ಇಟ್ಟುಕೊಳ್ತೀರೋ ತೆಗೀತೀರೋ?" ಅಂತ ಕಾಕಾ ಕೇಳಿದ್ರು. ಮೇಡಂ ಮೂಗು ಒರಸಕೊಂಡು, "ಐತಿ ಸರ್, ಇರಲಿ," ಅಂದ್ರು. ಏನು ಹೇಳಾಕ ಹೋಗಿದ್ರೋ ಗೊತ್ತಿಲ್ಲ. ಬೆಂಗಳೂರಿನವರ ಬಾಯಾಗ ಐತಿ! ಖಾದರ್ ಭಾಯ್ ನನ್ನ ಕಡೆ ಬೊಟ್ಟು ಎತ್ತಿ, "ಬಹುತ್ ಅಚ್ಛಾ ಮಿಯಾ," ಅಂದ್ರು, "ಔರ್ ಏಕ್ ಬಾರ್" ಅನ್ನಲಿಲ್ಲ. ತಾರ್ನಾಕಾದ ಹುಡುಗಗ ನನ್ನ ಬಿಸ್ಕೀಟಿನಾಗ ಅರ್ಧಾ ಕೊಟ್ಟೆ. ಮುಂದಿನ ಸಿನಿಮಾದಿಂದ ಸಾಯೂ ಅಪ್ಪಂದಿರು ಅವನವರು, ಇರಲಿ ಅಂತ.

ಸಿನಿಮಾ ಬಂತು. ಹೈದರಾಬಾದಿನಾಗ ಕನ್ನಡದ್ದು ಹಾಕಂಗಿಲ್ಲ. ನಾಂಪಲ್ಲಿಯೊಳಗ ರೈಲು ಹತ್ತಿ ಕಲಬುರಗಿಗೆ ಹೋದ್ವಿ, ಅಜ್ಜಿ, ವೈನಿ, ಅಣ್ಣ, ನಾ, ಗುಂಡೂ ಕಾಕಾ. ಅಣ್ಣ ಸೂಟಿ ಹಾಕಿದ್ದ. ಆಫೀಸಿನಾಗ ಕಾರಣ ಏನು ಬರದಾನೋ ಹೇಳಲಿಲ್ಲ. ಬಾಲ್ಕನ್ಯಾಗ ಕುಂತ್ವಿ. ಕೆಳಗ ಮುಂದಿನ ಸಾಲಿನ ಹುಡುಗರು ಹರದ ಪೇಪರ್ ಹಿಡಕೊಂಡು ತಯಾರ. ಒಬ್ಬ ಯಾವನಾದ್ರೂ "ಅಣ್ಣಾ ಅಂತ, ಅಪ್ಪ ಎಲ್ಲೋ!" ಅಂದ್ರ ಪೂರಾ ಥೇಟರ್ ನಗತೈತಿ, ಮೇಡಂ ಹೆಸರೂ ಹೋತು, ನಂದೂ ಹೋತು.

ಬಿಳಿ ಅಂಗಿ ಬಂತು. ಕೊಡಲಿ ಬಂತು. ಪರದೆ ತುಂಬ ಬಾಯಿ.

"ಅಣ್ಣಾ!"

ಥೇಟರ್ ಗಪ್. ಒಬ್ಬರೂ ನಗಲಿಲ್ಲ, ಒಂದು ಪೇಪರ್ ಹಾರಲಿಲ್ಲ. ಆ ಗಪ್ಪಿನಾಗ ನನ್ನ ಮಗ್ಗಲ ಕುರ್ಚಿ ಕಟ್ ಅಂತು. ನಮ್ಮಣ್ಣ, ಪಾಳಿ ಕಾಯೂ ಗೂಂಡಾಗಳನ್ನ ನೋಡಿ ನಗೂ ನಮ್ಮಣ್ಣ, ಅರ್ಧಾ ಎದ್ದು ನಿಂತಿದ್ದ, ಪರದೆ ಕಡೆ ಮಾರಿ ಮಾಡಿ.

"ಇಲ್ಲೇ ಇದ್ದೀನೋ! ಏನೂ ಆಗಿಲ್ಲ!"

ಖಾದರ್ ಭಾಯ್ ಕತ್ತರಿಸಿ ಒಗದಿದ್ದ ತುಂಡು, ಅಗದಿ ಅದರ ಜಾಗಾದಾಗ ಬಂದು ಕೂತಿತು.

ಕೆಳಗಿನ ಸಾಲಿನ ಒಬ್ಬ ಹೊಳ್ಳಿ ಮ್ಯಾಲ ನೋಡಿ ಚೀರಿದ, "ಏ, ಸತ್ತಾಂವ ಬಾಲ್ಕನ್ಯಾಗ ಕುಂತಾನ ನೋಡ್ರಲೇ!"

ಆಮ್ಯಾಲ ಬಂತು ನೋಡ್ರಿ ಶಿಳ್ಳೆ. ಪೇಪರ್ ಎಲ್ಲಾ ಒಮ್ಮೆಲೆ ಹಾರಿದ್ವು, ಹೀರೋ ಇನ್ನೂ ಬರೂ ಮುಂಚೆ, ಬೂಟೂ ತೋರಿಸೂ ಮುಂಚೆ. ಅಜ್ಜಿ ಎಲ್ಲಾರಿಗೂ ಕೈ ಮುಗದಳು. ಪರದೆ ಮ್ಯಾಲ ವಿಲನ್ ಬೆನ್ನು ಮಾಡಿ ಹೊಂಟಿದ್ದ, ಅವನ ಮಾತು ಒಬ್ಬರಿಗೂ ಕೇಳಲಿಲ್ಲ. ಕಾಕಾ ಅದನ್ನ ತಾವ ಸಣ್ಣಗ ಅಂದುಕೊಂಡ್ರು, ಕಿಸೇದಾಗ ಕೈ ಹಾಕಿದ್ರು, ಈ ಸಲ ಬಿಸ್ಕೀಟ್ ನನಗ ಕೊಡಲಿಲ್ಲ, ಅಣ್ಣಗ ಕೊಟ್ರು.

ಅಣ್ಣ ಕೂತ. ಬಿಸ್ಕೀಟ್ ಒಂದು ಕೈಯಾಗ, ನನ್ನ ಮಣಿಕಟ್ಟು ಒಂದು ಕೈಯಾಗ. ಹೀರೋ ಕಡೀ ಜೀಪು ಉರಳಿಸೂ ತನಕ ಎರಡೂ ಬಿಡಲಿಲ್ಲ.